ಬ್ಯಾಗ್ ಕಳೆದ್ರೆ ಯಾರು ಹೊಣೆ? ವಿಜಯನಗರದಿಂದ ಸಾಣಾಪುರದವರೆಗೆ

ಫಾರಿನ್ ಟ್ರಿಪ್ ಅಂದ್ರೆ ನಮ್ಮ ತಯಾರಿ ಗೊತ್ತಲ್ಲ? ಬ್ಯಾಗಿಗೆ ನಂಬರ್ ಲಾಕ್, ಪಾಸ್‌ಪೋರ್ಟಿಗೆ ಸೊಂಟದ ಪೌಚ್, ದುಡ್ಡು ಮೂರು ಕಡೆ ಹಂಚಿ ಇಡೋದು. ಒಳ್ಳೇದೇ. ಆದರೆ ನಂಬರ್ ಲಾಕೂ ಇಲ್ಲದ, ಟ್ರಾವೆಲ್ ಇನ್ಶೂರೆನ್ಸೂ ಇಲ್ಲದ ಕಾಲದಲ್ಲಿ ಸಮುದ್ರ ದಾಟಿ ಬಂದವರು ತಮ್ಮ ಗಂಟುಮೂಟೆ ಹೇಗೆ ಕಾಪಾಡಿಕೊಳ್ತಿದ್ರು?

ಉತ್ತರ ನಮ್ಮ ಕೊಪ್ಪಳ ಜಿಲ್ಲೆಯ ಪಕ್ಕದಲ್ಲೇ ಇದೆ. ತುಂಗಭದ್ರೆಯ ಈ ದಡದಲ್ಲಿ ಸಾಣಾಪುರ, ಆನೆಗೊಂದಿ. ಆ ದಡದಲ್ಲಿ ಹಂಪಿ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು ಕೆಡವಿದ ಮೇಲೆ, ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಬರುವ ಪ್ರವಾಸಿಗರಲ್ಲಿ ಬಹಳ ಜನ ಸಾಣಾಪುರದ ಹೋಮ್‌ಸ್ಟೇಗಳ ಕಡೆ ತಿರುಗಿದರು. ಆದರೆ ಈ ಸೀಮೆಗೆ ಪರದೇಶದವರು ಬರೋದು ಹೊಸದಲ್ಲ.

1443ರಲ್ಲಿ ಅಬ್ದುರ್ ರಜಾಕ್ ಬಂದ. ಈಗಿನ ಅಫ್ಘಾನಿಸ್ತಾನದಲ್ಲಿರುವ ಹೆರಾತ್‌ನಿಂದ, ತೈಮೂರನ ಮಗ ಶಾರುಖ್ ಕಳಿಸಿದ ರಾಯಭಾರಿ. (ಹೌದು, ಹೆಸರು ಶಾರುಖ್!) ಮೊದಲು ಇಳಿದದ್ದು ಕಲ್ಲಿಕೋಟೆ ಬಂದರಿನಲ್ಲಿ. ಅಲ್ಲಿ ಅವನಿಗೆ ಆಶ್ಚರ್ಯ. ವ್ಯಾಪಾರಿಗಳು ಹಡಗಿನಿಂದ ಸರಕು ಇಳಿಸಿ ಬಜಾರಿಗೆ ಕಳಿಸಿ ಸುಮ್ಮನಾಗ್ತಾರೆ. ಲೆಕ್ಕ ನೋಡೋದಿಲ್ಲ, ಕಾವಲು ಕೂರೋದಿಲ್ಲ. ಹಗಲು ರಾತ್ರಿ ಕಾಯೋರು ಸುಂಕದ ಅಧಿಕಾರಿಗಳು. ಮಾಲು ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಮಾರಾಟ ಆಗದಿದ್ದರೆ ಏನೂ ಇಲ್ಲ. ಅಂದ್ರೆ ಎರಡೂವರೆ ಪರ್ಸೆಂಟ್. ಸುಂಕ ತಗೊಳ್ಳೋರೇ ಕಾವಲಿಗೂ ಹೊಣೆ.

ಅಲ್ಲಿಂದ ಇಮ್ಮಡಿ ದೇವರಾಯನ ರಾಜಧಾನಿಗೆ. ವಜ್ರ, ಮುತ್ತು, ಮಾಣಿಕ್ಯ ಬಜಾರಿನಲ್ಲಿ ಬಹಿರಂಗವಾಗಿ ಮಾರ್ತಿದ್ರು ಅಂತಾನೆ. ಕಾವಲಿಗೆ 12,000 ಜನ, ದಿನಕ್ಕೆ 12,000 ಪಣ ಸಂಬಳ, ತಲೆಗೆ ಒಂದು ಪಣ. ಅವರ ಕೆಲಸ ಏನು ಗೊತ್ತಾ? ಕೋಟೆಯೊಳಗೆ ಏನೇ ಕಳೆದರೂ, ಕಳುವಾದರೂ ಹುಡುಕಿ ಕೊಡಬೇಕು. ಆಗದಿದ್ದರೆ ದಂಡ ಅವರದ್ದೇ!

ಸುಮಾರು 90 ವರ್ಷ ಆದಮೇಲೆ, 1530ರ ದಶಕದಲ್ಲಿ, ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಹೇಳೋದೂ ಇದೇ ಧಾಟಿಯಲ್ಲಿ. ದಾರಿಯಲ್ಲಿ ದರೋಡೆ ಆಯ್ತು ಅಂತ ಯಾರಾದರೂ ರಾಜನಿಗೆ ದೂರು ಕೊಟ್ಟರೆ, ಆ ಪ್ರಾಂತ್ಯದ ನಾಯಕನಿಗೆ ಕರೆ ಹೋಗುತ್ತೆ. ಕಳ್ಳನನ್ನು ಹಿಡಿಯದಿದ್ದರೆ ನಾಯಕನ ಆಸ್ತಿಗೇ ಸಂಚಕಾರ. ಊರಿನ ಮಟ್ಟದಲ್ಲಿ ಕಾವಲು ಕಾಯ್ತಿದ್ದವನು ತಳವಾರ. ನಮ್ಮ ಕಡೆ ಇವತ್ತಿಗೂ ಅದು ಮನೆತನದ ಹೆಸರಾಗಿ ಉಳಿದಿದೆ.

ಹಾಗಾದ್ರೆ ಅದು ಸುವರ್ಣಯುಗವಾ? ಸ್ವಲ್ಪ ತಡೀರಿ. ಆ 12,000 ಪಣ ಬರ್ತಿದ್ದದ್ದು ವೇಶ್ಯಾಗೃಹಗಳ ತೆರಿಗೆಯಿಂದ. ಸಣ್ಣ ಕಳ್ಳತನಕ್ಕೂ ಕೈ, ಕಾಲು ಕತ್ತರಿಸ್ತಿದ್ರು ಅಂತ ನ್ಯೂನಿಜ್ ಬರೆದಿದ್ದಾನೆ. ಇನ್ನು ರಜಾಕ್ ಕೊಡೋ ಉದಾಹರಣೆ ಕೇಳಿ. ಅವನ ಜೊತೆಗಾರನಿಂದ 'ಕಳೆದುಹೋದದ್ದು' ಚೀಲ ಅಲ್ಲ, ಮನುಷ್ಯರು. ಕೊಂಡುಕೊಂಡಿದ್ದ ಗುಲಾಮರು ಓಡಿಹೋಗಿದ್ದರು. ದೂರು ಹೋಯ್ತು. ಹಿಡಿದು ತನ್ನಿ, ಇಲ್ಲ ದಂಡ ಕಟ್ಟಿ ಅಂತ ಆ ಕೇರಿಯ ಕಾವಲುಗಾರರಿಗೆ ಆಜ್ಞೆ ಆಯ್ತು. ಅವರು ದಂಡ ಕಟ್ಟಿದರು. ಅತಿಥಿಯ ನೆಮ್ಮದಿಗೆ ಯಾರೋ ಬೆಲೆ ತೆರ್ತಾ ಇದ್ದರು. ಇದನ್ನೂ ಲೆಕ್ಕಕ್ಕೆ ಹಿಡೀಬೇಕು.

ಈಗ ಇವತ್ತಿಗೆ ಬರೋಣ. 2025ರ ಮಾರ್ಚ್ 6ರ ರಾತ್ರಿ, ಸಾಣಾಪುರದ ಕಾಲುವೆ ಹತ್ತಿರ ಕೂತಿದ್ದ ಪ್ರವಾಸಿಗರ ಮೇಲೆ ದಾಳಿ ನಡೀತು. ಶುರುವಾಗಿದ್ದು ಹಣ ಕೇಳೋದರಿಂದ. ಒಬ್ಬ ವಿದೇಶಿ ಮಹಿಳೆ ಮತ್ತು ಹೋಮ್‌ಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರ ಆಯ್ತು. ಕಾಲುವೆಗೆ ತಳ್ಳಿಸಿಕೊಂಡ ಒಡಿಶಾದ ಪ್ರವಾಸಿ ಬದುಕಲಿಲ್ಲ. ಯಾವ ನಂಬರ್ ಲಾಕ್ ಅವರನ್ನು ಕಾಪಾಡ್ತಿತ್ತು ಹೇಳಿ? ಅಂಥ ಘಟನೆ ಆದಾಗ "ಅಷ್ಟು ಹೊತ್ತಲ್ಲಿ ಅಲ್ಲಿಗ್ಯಾಕೆ ಹೋದ್ರು" ಅಂತ ಕೇಳೋರು ಇದ್ದೇ ಇರ್ತಾರೆ. ನ್ಯೂನಿಜ್ ಬರೆದ ರಾಜ್ಯದಲ್ಲಿ ಮೊದಲ ಪ್ರಶ್ನೆ ಹೋಗ್ತಿದ್ದದ್ದು ಪ್ರವಾಸಿಗಲ್ಲ, ಆ ದಾರಿಯ ಹೊಣೆ ಹೊತ್ತ ನಾಯಕನಿಗೆ. ಆ ಕಾಲದ ಶಿಕ್ಷೆ ನಮಗೆ ಬೇಡ. ಆದರೆ ಆ ಪ್ರಶ್ನೆ ಬೇಕು.

ಬಿಕಾಂ ಮಾಡಿದವರಿಗೆ ಬಿಸಿನೆಸ್ ಲಾ ಪೇಪರಿನ 'ಬೇಲ್‌ಮೆಂಟ್' ನೆನಪಿರಬಹುದು. 1872ರ ಕರಾರು ಕಾಯ್ದೆಯ 151ನೇ ಸೆಕ್ಷನ್ ಪ್ರಕಾರ, ನಿಮ್ಮ ವಸ್ತುವನ್ನು ವಹಿಸಿಕೊಂಡವರು ಅದನ್ನು, ಸಾಮಾನ್ಯ ವಿವೇಕ ಇರೋ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳೋ ಹಾಗೆ ನೋಡಿಕೊಳ್ಳಬೇಕು. ಆದರೆ ಗಮನಿಸಿ, ವಹಿಸಿಕೊಟ್ಟಿರಬೇಕು. ಬಂಡೆ ಮೇಲೆ ಬ್ಯಾಗ್ ಇಟ್ಟು ಈಜೋಕೆ ಇಳಿದರೆ ಅದು ಬೇಲ್‌ಮೆಂಟ್ ಆಗಲ್ಲ. ಕೌಂಟರಿನಲ್ಲಿ ಕೊಟ್ಟು ಚೀಟಿ ತಗೊಂಡರೆ ಕೈಯಲ್ಲಿ ಪುರಾವೆ ಇರುತ್ತೆ.

ಹಾಗಾಗಿ ದೇಶ ಬಿಟ್ಟು ಹೊರಟಾಗ ಬೀಗ ಹಾಕಿ, ಖಂಡಿತ ಹಾಕಿ. ಜೊತೆಗೆ ಇಳಿದ ಕಡೆಯೆಲ್ಲ ಒಂದು ಪ್ರಶ್ನೆ ಕೇಳಿ: ಇದಕ್ಕೆ ಹೊಣೆ ಯಾರು? ಹಾಸ್ಟೆಲಿನಲ್ಲಿ ಬ್ಯಾಗ್ ಒಪ್ಪಿಸಿದರೆ ರಸೀದಿ ತಗೊಳ್ಳಿ. ಪಾಸ್‌ಪೋರ್ಟಿನ ಕಾಪಿ ಬೇರೆ ಕಡೆ ಇರಲಿ. ಕಳುವಾದರೆ ಅಲ್ಲಿನ ಪೊಲೀಸ್ ದೂರಿನ ಪ್ರತಿ ಬಿಡಬೇಡಿ. ಇನ್ಶೂರೆನ್ಸ್ ಕಂಪನಿಯೂ, ನಮ್ಮ ರಾಯಭಾರ ಕಚೇರಿಯೂ ಮೊದಲು ಕೇಳೋದು ಅದನ್ನೇ. ಮತ್ತೆ ನಮ್ಮೂರಿಗೆ ಯಾರಾದರೂ ಬ್ಯಾಗ್ ಹೊತ್ತು ಬಂದಾಗ, ಅದೇ ಪ್ರಶ್ನೆಗೆ ನಮ್ಮ ಹತ್ರ ಉತ್ತರ ಇರಬೇಕು.