ಹುಲಿಯ ಹಿಂದಿನ ಕಮ್ಮಾರ, ಬಡಗಿ

ಟಿಪ್ಪು ಸುಲ್ತಾನನ ಬಂದೂಕು ಎಂದೊಡನೆ ಎಲ್ಲರಿಗೂ ನೆನಪಾಗುವುದು ಹುಲಿ. ಕುದುರೆಗೆ ಹುಲಿಯ ತಲೆ, ನಳಿಕೆಯ ಮೇಲೆ ಹುಲಿಪಟ್ಟೆ, ಸುತ್ತ ಚಿನ್ನ ಬೆಳ್ಳಿಯ ಕುಸುರಿ. 2015ರ ಏಪ್ರಿಲ್‌ನಲ್ಲಿ ಟಿಪ್ಪು ಕಾಲದ ಆಯುಧಗಳ ಒಂದು ಸಂಗ್ರಹ ಲಂಡನ್ನಿನಲ್ಲಿ ಹರಾಜಾದಾಗ ಅರವತ್ತು ಲಕ್ಷ ಪೌಂಡಿಗೂ ಹೆಚ್ಚು ಹಣ ಬಂತು. ಅದರಲ್ಲಿದ್ದ ಒಂದು ಬೇಟೆ ಬಂದೂಕಿನ ಬೆಲೆಯೇ ಏಳು ಲಕ್ಷ ಪೌಂಡು ದಾಟಿತು.

ಹುಲಿಯನ್ನು ಸ್ವಲ್ಪ ಬದಿಗಿಟ್ಟು ಅಂಥ ಬಂದೂಕಿನ ಒಂದು ತಿರುಪನ್ನು, ಒಂದು ಕಮಾನನ್ನು, ಕಬ್ಬಿಣ ಮರದೊಳಗೆ ಕೂತ ಅಂಚನ್ನು ನೋಡಿದರೆ ಬೇರೆಯೇ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ. ಅದು ಕಮ್ಮಾರ ಮತ್ತು ಬಡಗಿಯರ ಚರಿತ್ರೆ. ಅದರ ಒಂದು ಎಳೆ ಮಾಗಡಿ, ಚನ್ನಪಟ್ಟಣಗಳ ಕುಲುಮೆಯವರೆಗೂ ಹೋಗುತ್ತದೆ.

ಬತ್ತಿಯಿಂದ ಕಲ್ಲಿಗೆ

ಬಾಯಿಯ ಕಡೆಯಿಂದ ಮದ್ದು, ಗುಂಡು ತುಂಬಿ ಗಜದಿಂದ ಜಡಿಯುವ ಬಂದೂಕು ಭಾರತಕ್ಕೆ ಹೊಸದೇನಾಗಿರಲಿಲ್ಲ. ಹಳೆಯ ಬಗೆಯದು ಬತ್ತಿ ಬಂದೂಕು. ಉರಿಯುವ ಬತ್ತಿಯನ್ನು ಒಂದು ಕೊಕ್ಕೆ ಹಿಡಿದಿರುತ್ತಿತ್ತು. ಟ್ರಿಗರ್ ಒತ್ತಿದರೆ ಅದು ಬಾಗಿ ರಂಜಕಕ್ಕೆ ಬೆಂಕಿ ಮುಟ್ಟಿಸುತ್ತಿತ್ತು. ಇದರಲ್ಲಿ ಯಂತ್ರಭಾಗ ಕಡಿಮೆ. ನಳಿಕೆಯನ್ನು ಚರ್ಮದ ಪಟ್ಟಿಯಿಂದಲೋ ತಂತಿಯಿಂದಲೋ ಮರಕ್ಕೆ ಬಿಗಿದು ಕಟ್ಟಿದರೆ ಸಾಕಾಗುತ್ತಿತ್ತು.

ಯುರೋಪಿನ ಚಕ್ಕಮುಕ್ಕಿ ಬಂದೂಕು ಬಂದ ಮೇಲೆ ಲೆಕ್ಕ ಬದಲಾಯಿತು. ಇದರಲ್ಲಿ ಕುದುರೆ ಕಲ್ಲನ್ನು ಕಚ್ಚಿಕೊಂಡಿರುತ್ತದೆ. ಬಲವಾದ ಕಮಾನು ಅದನ್ನು ಎಸೆದಾಗ ಕಲ್ಲು ಎದುರಿನ ಉಕ್ಕಿನ ತಗಡಿಗೆ ತಾಗಿ ಕಿಡಿ ಹಾರುತ್ತದೆ. ಕಮಾನಿನ ಹದ ಹೆಚ್ಚು ಗಟ್ಟಿಯಾದರೆ ಮುರಿಯುತ್ತದೆ, ಮೆತ್ತಗಾದರೆ ಕುದುರೆಗೆ ವೇಗ ಬರುವುದಿಲ್ಲ. ಕಿಡಿ ತಗಡಿನ ಮೈ ಉಕ್ಕಿನಷ್ಟು ಗಡುಸಾಗಿರದಿದ್ದರೆ ಕಿಡಿಯೇ ಏಳುವುದಿಲ್ಲ. ಇವೆಲ್ಲವನ್ನೂ ಹಿಡಿದಿಡಲು ಸಣ್ಣ ಸಣ್ಣ ತಿರುಪುಗಳು ಬೇಕು. ಕೈಯಿಂದ ತಿರುಪಿನ ಸುರುಳಿ ಕಡಿಯುವುದು ಆ ಕಾಲದ ಕಮ್ಮಾರನಿಗೆ ಸುಲಭದ ಕೆಲಸವಾಗಿರಲಿಲ್ಲ.

ಟಿಪ್ಪು ಈ ಕೊರತೆಯನ್ನು ಅರಿತಿದ್ದ. 1787ರಲ್ಲಿ ಹೊರಟ ಅವನ ರಾಯಭಾರಿಗಳು 1788ರ ಆಗಸ್ಟ್‌ನಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯನ್ನು ಕಂಡಾಗ, ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದ್ದರು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ನಗರದಲ್ಲಿ ‘ತಾರಾಮಂಡಲ’ ಎಂಬ ಹೆಸರಿನ ಕಾರ್ಖಾನೆಗಳಿದ್ದವು. ಬೆಂಗಳೂರಿನ ತಾರಾಮಂಡಲಪೇಟೆ ಆ ಹೆಸರನ್ನು ಉಳಿಸಿಕೊಂಡಿದೆ.

ಕೂಡಿಸುವ ಕ್ರಮ

ಬಂದೂಕಿನ ಬಿಡಿಭಾಗ ಮಾಡುವುದು ಒಂದು ಕೆಲಸವಾದರೆ ಅವನ್ನು ಮರಕ್ಕೆ ಕೂಡಿಸುವುದು ಇನ್ನೊಂದು. ಕೈಯಿಂದ ಮಾಡುವ ಕೋವಿಯಲ್ಲಿ ಇದಕ್ಕೆ ಒಂದು ಕ್ರಮವಿದೆ. ಮೊದಲು ಕೂರಬೇಕಾದದ್ದು ನಳಿಕೆ. ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಸರಳಿನ ಸುತ್ತ ಸುತ್ತಿ, ಬಡಿದು ಬೆಸೆದು, ಒಳಗೆ ಕೊರೆದು ಮಾಡಿದ ನಳಿಕೆಯ ಹಿಂತುದಿಯನ್ನು ಭದ್ರವಾಗಿ ಮುಚ್ಚುತ್ತಾರೆ. ಅನಂತರ ಅದಕ್ಕೆ ತಕ್ಕ ತೋಡನ್ನು ಮರದಲ್ಲಿ ಕೊರೆಯುತ್ತಾರೆ. ಹಿಂತುದಿ ಮರಕ್ಕೆ ಪೂರ್ತಿ ಆತುಕೊಂಡಿರಬೇಕು. ಅಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಈಡು ಹಾರಿದಾಗಿನ ಒದೆತ ಒಂದೇ ಕಡೆ ಬಿದ್ದು, ದಿನ ಕಳೆದಂತೆ ಮರ ಸೀಳುತ್ತದೆ.

ಸಂದಿ ಎಲ್ಲಿದೆ ಎಂದು ತಿಳಿಯಲು ಬಳಸುವ ಉಪಾಯ ಸರಳ. ಕಬ್ಬಿಣದ ಭಾಗಕ್ಕೆ ದೀಪದ ಮಸಿ ಬಳಿದು ತೋಡಿನಲ್ಲಿಟ್ಟು ಒತ್ತುತ್ತಾರೆ. ಎತ್ತಿ ನೋಡಿದಾಗ ಮಸಿ ಹತ್ತಿದ ಕಡೆ ಮರ ಉಬ್ಬಿದೆ ಎಂದರ್ಥ. ಆ ಜಾಗವನ್ನಷ್ಟೇ ಉಳಿಯಿಂದ ಕೆರೆದು ಮತ್ತೆ ಮಸಿ, ಮತ್ತೆ ಒತ್ತು. ತೋಡಿನ ತುಂಬ ಮಸಿ ಸಮನಾಗಿ ಹತ್ತುವವರೆಗೂ ಇದು ನಡೆಯುತ್ತದೆ. ಕೆರೆದ ಮರ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಇಲ್ಲಿ ಆತುರಕ್ಕೆ ಎಡೆಯಿಲ್ಲ.

ನಳಿಕೆ ಕೂತ ಮೇಲೆ ಕುದುರೆ, ಕಮಾನುಗಳಿರುವ ಪಕ್ಕದ ತಗಡು. ರಂಜಕದ ಬಟ್ಟಲು ನಳಿಕೆಯ ಕಿಂಡಿಗೆ ನೇರವಾಗಿ, ಬಿಗಿಯಾಗಿ ಒರಗಬೇಕು. ಸಂದಿ ಬಿಟ್ಟರೆ ರಂಜಕ ಸೋರಿ ಹೋಗುತ್ತದೆ. ಬಟ್ಟಲಿನಲ್ಲಿ ಬೆಂಕಿ ಭುಗಿಲೆದ್ದರೂ ಒಳಗಿನ ಮದ್ದಿಗೆ ಮುಟ್ಟುವುದಿಲ್ಲ. ಕಮಾನಿಗೆಂದು ಮರವನ್ನು ಅಗತ್ಯಕ್ಕಿಂತ ಹೆಚ್ಚು ಕೊರೆದರೆ ಬಂದೂಕಿನ ಸೊಂಟವೇ ದುರ್ಬಲವಾಗುತ್ತದೆ. ಆಮೇಲೆ ಟ್ರಿಗರ್, ಅದರ ಕಾವಲು ಬಳೆ, ಗಜ ತೂರಿಸುವ ಕೊಳವೆಗಳು, ಕೊನೆಗೆ ಭುಜಕ್ಕೆ ಒತ್ತುವ ತುದಿಯ ತಗಡು. ಹಿಂದಿನದು ಸರಿಯಾಗಿ ಕೂರದೆ ಮುಂದಿನದು ಕೂರದು. ಸೈನಿಕನ ಜೀವ ಈ ಕೂಡಿಕೆಯ ಮೇಲೆ ನಿಂತಿತ್ತು.

ಮಾಗಡಿಯ ಉಕ್ಕು, ಚನ್ನಪಟ್ಟಣದ ತಂತಿ

ಬೆಂಗಳೂರು ಮತ್ತು ಶ್ರೀರಂಗಪಟ್ಟಣ, ಈ ಎರಡು ಕಾರ್ಖಾನೆಯ ಊರುಗಳ ನಡುವಿನ ಸೀಮೆಯೇ ಇಂದಿನ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ. ಮೂರನೇ ಮೈಸೂರು ಯುದ್ಧದ ಬಿಸಿ ಇಲ್ಲಿ ನೇರವಾಗಿ ತಟ್ಟಿತು. ಶತ್ರುವಿಗೆ ದವಸ ಸಿಗಬಾರದೆಂದು ಕನಕಪುರವನ್ನು, ಅಂದಿನ ಕಾನಕಾನಹಳ್ಳಿಯನ್ನು, ಟಿಪ್ಪುವೇ ಹಾಳುಗೆಡವಿದ. 1791ರ ಡಿಸೆಂಬರ್ 21ರಂದು ಮಾಗಡಿ ಬಳಿಯ ಸಾವನದುರ್ಗ, ಅದರ ಬೆನ್ನಲ್ಲೇ ರಾಮನಗರದ ರಾಮಗಿರಿ ಕಾರ್ನ್‌ವಾಲಿಸನ ಸೈನ್ಯದ ವಶವಾದವು.

ಇದೇ ಸೀಮೆಯಲ್ಲಿ ಲೋಹದ ಜಾಣ್ಮೆಯೂ ಇತ್ತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಬಳಿಯ ಗಟ್ಟಿಪುರದಲ್ಲಿ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದ ಬಗೆಯನ್ನು ದಾಖಲಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು ಬಾಯಿ ಮುಚ್ಚಿ ಕುಲುಮೆಗೆ ಹಾಕುತ್ತಿದ್ದರು. ಕಡ್ಡಿ, ಎಲೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ಚನ್ನಪಟ್ಟಣದ ಉಕ್ಕಿನ ತಂತಿಯಂತೂ ವೀಣೆಯಂಥ ವಾದ್ಯಗಳಿಗೆ ಹೆಸರಾಗಿತ್ತು. ತಂತಿ ತುಂಡಾಗದೆ ಬಿಗಿಯಾಗಿ ನಿಲ್ಲಬೇಕು, ಕಮಾನು ಮುರಿಯದೆ ಬಾಗಿ ಮರಳಬೇಕು. ಎರಡಕ್ಕೂ ಬೇಕಾದದ್ದು ಉಕ್ಕಿನ ಹದ ಬಲ್ಲ ಕೈ. ಫ್ರೆಂಚರು ಹೊಸ ಮಾದರಿ ತಂದಿರಬಹುದು. ಅದನ್ನು ಕಲಿಯಲು ಬೇಕಾದ ತಿಳಿವಳಿಕೆ ನಾಡಿನಲ್ಲೇ ಇತ್ತು.

ಉಳಿದದ್ದು

1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಈ ಕೆಲಸಕ್ಕೆ ಆಸರೆಯಾಗಿದ್ದ ದರ್ಬಾರು ಹೋಯಿತು. ಕಂಪನಿಯ ಸಿಪಾಯಿಗೆ ಬಂದೂಕು ಇಂಗ್ಲೆಂಡಿನಿಂದ ಬರುತ್ತಿತ್ತು. ಹಿಂದೆಯೇ ಅಗ್ಗದ ಸೀಮೆ ಕಬ್ಬಿಣ ಬಂದು ನಾಡಿನ ಕುಲುಮೆಗಳು ಆರಿದವು. ಹತ್ತೊಂಬತ್ತನೇ ಶತಮಾನದಲ್ಲಿ ಚಕ್ಕಮುಕ್ಕಿ ಕಲ್ಲಿನ ಜಾಗಕ್ಕೆ ಕೇಪು ಬಂತು. 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕು ಇಟ್ಟುಕೊಳ್ಳುವುದನ್ನೂ ಮಾಡುವುದನ್ನೂ ಪರವಾನಗಿಗೆ ಕಟ್ಟಿಹಾಕಿತು. 1959ರ ಕಾಯ್ದೆಯಲ್ಲೂ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದು ಅಪರಾಧ. 1861ರಲ್ಲೇ ವಿನಾಯಿತಿ ಪಡೆದ ಕೊಡಗಿನಲ್ಲಿ ಮಾತ್ರ ಕೋವಿ ಮನೆಯ ಪೂಜೆಯ ವಸ್ತುವಾಗಿ ಉಳಿದು, ಕೈಲ್‌ಪೊಳ್ದ್ ಹಬ್ಬದಲ್ಲಿ ಹೂ ಮುಡಿಯುತ್ತದೆ.

ಟಿಪ್ಪುವಿನ ಕೆಲವು ಬಂದೂಕು, ಪಿಸ್ತೂಲುಗಳ ಮೇಲೆ ಸೈಯದ್ ದಾವೂದ್, ಅಸದ್ ಖಾನ್ ಮಹಮ್ಮದ್ ಎಂಬ ಕುಶಲಕರ್ಮಿಗಳ ಹೆಸರಿದೆ. ರಾಬಿನ್ ವಿಗಿಂಗ್ಟನ್ 1992ರಲ್ಲಿ ಈ ಆಯುಧಗಳ ಬಗ್ಗೆ ಒಂದು ಪುಸ್ತಕವನ್ನೇ ಹೊರತಂದ. ಮೂಸೆಗೆ ತಂಗಡಿ ಕಡ್ಡಿ ಹಾಕಿದವರ, ಮಸಿ ಬಳಿದು ಮರ ಕೆರೆದವರ ಹೆಸರು ಯಾವ ನಳಿಕೆಯ ಮೇಲೂ ಇಲ್ಲ. ಅವರ ಗುರುತು ಇರುವುದು ಕಬ್ಬಿಣ ಮತ್ತು ಮರ ಸೇರುವ ಆ ತೆಳುವಾದ ಗೆರೆಯಲ್ಲಿ. ಇನ್ನೂರು ವರ್ಷದ ಮೇಲೂ ಆ ಗೆರೆ ಬಿಟ್ಟುಕೊಂಡಿಲ್ಲವಾದರೆ, ಅದೇ ಅವರ ರುಜು.