ಸುರಪುರದ ‘ಅಪ್ಪ’

ಕೊಡೇಕಲ್ ಸೀಮೆಯ ರಾಜನಕೋಳೂರಿನಲ್ಲಿ ಪ್ರಾಚೀನವಾದ ಶಿಲಾಸಮಾಧಿಗಳಿವೆ. ಇವುಗಳನ್ನು ವಿದ್ವಾಂಸರಿಗೆ ಪರಿಚಯಿಸಿದ ಮೆಡೋಸ್ ಟೇಲರನು ಪುರಾತನಗಳ ಶೋಧಕ ಮಾತ್ರನಲ್ಲ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವು ಅವನ ಕೈಯಲ್ಲಿತ್ತು. ಅಧಿಕಾರಿಯ ನಡತೆಗೂ ಅವನ ಕೈಕೆಳಗಿನವರ ಕಾರ್ಯಶ್ರದ್ಧೆಗೂ ಇರುವ ಸಂಬಂಧವನ್ನು ನಾವು ಇಂದು ಅವನ ಚರಿತ್ರೆಯಲ್ಲಿ ಪರಿಶೀಲಿಸೋಣ.

ಅವನು ಬಂದಾಗ ರಾಜನಾದ ವೆಂಕಟಪ್ಪನಾಯಕನು ಬಾಲಕ. ಬೊಕ್ಕಸದಲ್ಲಿ ಹಣವಿರಲಿಲ್ಲ, ಅರಮನೆಯಲ್ಲಿ ಪಕ್ಷಗಳಿದ್ದುವು. ಸೇವೆಗಾಗಿ ಭೂಮಿಯನ್ನು ಪಡೆದಿದ್ದ ಬೇಡರು ಪರರ ಆಜ್ಞೆಗೆ ಸುಲಭವಾಗಿ ತಲೆಬಾಗತಕ್ಕವರಲ್ಲ. ಕಂಪೆನಿಯ ಸೈನ್ಯಬಲವು ಟೇಲರನ ಬೆನ್ನ ಹಿಂದಿದ್ದಿತೆಂಬುದನ್ನು ಮರೆಯಲಾಗದು. ಆದರೆ ಅವನು ದಿನದಿನದ ಆಡಳಿತವನ್ನು ನಡೆಯಿಸಿದ್ದು ಬಂದೂಕದಿಂದಲ್ಲ, ಮಾತುಕತೆಯಿಂದ. ಅವನು ಜಮಾಖರ್ಚನ್ನು ಕ್ರಮಪಡಿಸಿದನು. ಬೋನಾಳದ ಹಳೆಯ ಕೆರೆಯನ್ನು ಉತ್ತಮಪಡಿಸಿದನು. ಬಾಲರಾಜನು ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನು.

ಈ ವೃತ್ತಾಂತದ ಬಹುಭಾಗವು ಅವನು ಬರೆದ, ಅವನ ಮರಣಾನಂತರ 1877ರಲ್ಲಿ ಪ್ರಕಟವಾದ ಆತ್ಮಕಥೆಯಿಂದಲೇ ನಮಗೆ ದೊರೆಯುತ್ತದೆ. ಆಳಿದವನ ಮಾತು ಅಲ್ಲಿ ಕೇಳುತ್ತದೆ. ಆಳಿಸಿಕೊಂಡವರ ಮಾತು ವಿರಳ. ಆದುದರಿಂದ ನಾವು ಫಲವನ್ನು ನೋಡಿಯೇ ತೀರ್ಮಾನಿಸಬೇಕು.

1853ರಲ್ಲಿ ಆಡಳಿತವು ಪ್ರಾಪ್ತವಯಸ್ಕನಾದ ರಾಜನಿಗೆ ಸೇರಿತು. ಕೆಲವೇ ವರ್ಷಗಳಲ್ಲಿ ಸಂಸ್ಥಾನವು ಪುನಃ ಸಾಲದಲ್ಲಿ ಮುಳುಗಿತು. 1858ರಲ್ಲಿ ರಾಜನು ಬ್ರಿಟಿಷರ ವಿರುದ್ಧ ಎದ್ದಾಗ, ಬೇಡರು ತಮ್ಮ ರಾಜನ ಪರವಾಗಿ ಶಸ್ತ್ರ ಹಿಡಿದರು. ಟೇಲರನ ಮೇಲಣ ವಿಶ್ವಾಸವು ಅವರನ್ನು ತಡೆಯಲಿಲ್ಲ. ಸೆರೆಸಿಕ್ಕ ರಾಜನು ಅದೇ ವರ್ಷ ಗುಂಡೇಟಿನಿಂದ ಮೃತನಾದನು. 1860ರಲ್ಲಿ ಸಂಸ್ಥಾನವು ನಿಜಾಮನ ವಶವಾಯಿತು.

ಹಾಗಾದರೆ ಟೇಲರನ ಸೌಜನ್ಯವು ವ್ಯರ್ಥವಾಯಿತೆ? ಇಲ್ಲ. ಬೆದರಿಕೆಯು ಕೆಲಸವನ್ನು ಕಣ್ಗಾವಲಿರುವವರೆಗೆ ಮಾತ್ರ ಮಾಡಿಸುತ್ತದೆ. ವಿಶ್ವಾಸವು ಮನಸ್ಸಿಟ್ಟು ಮಾಡಿಸುತ್ತದೆ. ಆದರೆ ಎಲ್ಲವನ್ನೂ ಒಬ್ಬ ತಂದೆಯೇ ಯೋಚಿಸಿ, ತಂದೆಯೇ ನಿರ್ಣಯಿಸಿದರೆ, ಮನೆಯವರು ಅವನನ್ನು ಪ್ರೀತಿಸಬಹುದು, ಮನೆಯನ್ನು ನಡೆಯಿಸಲು ಕಲಿಯರು. ಬಂಧುತ್ವದಿಂದಲೂ ಪರಂಪರೆಯಿಂದಲೂ ಬಂದ ನಿಷ್ಠೆಯಾದರೋ ದಯೆಯಿಂದ ಕೊಳ್ಳತಕ್ಕ ವಸ್ತುವಲ್ಲ.

ಕಚೇರಿ, ಕಾರ್ಖಾನೆ, ಪಾಠಶಾಲೆಗಳನ್ನು ನಡೆಯಿಸುವವರೆಲ್ಲರಿಗೂ ಇದು ಅನ್ವಯಿಸುತ್ತದೆ. ಮೇಲಧಿಕಾರಿಯು ಎದುರಿಗಿದ್ದಾಗ ಕೆಲಸವು ಹೇಗೆ ನಡೆಯುವುದೆಂಬುದು ಚಿಕ್ಕ ಪರೀಕ್ಷೆ. ಅವನು ಹೊರಟುಹೋದ ಐದು ವರ್ಷಗಳ ಮೇಲೆ ಹೇಗೆ ನಡೆಯುವುದೆಂಬುದೇ ದೊಡ್ಡ ಪರೀಕ್ಷೆ.