ಗೋಡೆಯ ಗೂಡಿನಿಂದ ಗೋಡೆಯ ಪೆಟ್ಟಿಗೆಗೆ

ಹಿಂದಿನ ಕಾಲದಲ್ಲಿ ಮಹಾರಾಷ್ಟ್ರದ ವಾಡೆಗಳೆಂಬ ದೊಡ್ಡ ಮನೆಗಳ ದಪ್ಪಗೋಡೆಗಳಲ್ಲಿ ದೀಪಕ್ಕೆಂದು ಕೊರೆದ ಗೂಡುಗಳಿರುತ್ತಿದ್ದವು. ನಮ್ಮ ಕನ್ನಡನಾಡಿನ ಮಣ್ಣುಗೋಡೆಯ ಮನೆಗಳಲ್ಲಿಯೂ ಅವಕ್ಕೆ ಕೊರತೆಯಿರಲಿಲ್ಲ. ಗಾಳಿಗೆ ಕುಡಿ ಆರದಂತೆ, ಎಣ್ಣೆ ಚೆಲ್ಲದಂತೆ, ಹೊಗೆಯ ಮಸಿಯು ಗೋಡೆಗೆಲ್ಲ ಹರಡದಂತೆ ಕಾಯುತ್ತಿದ್ದ ಆ ಗೂಡು, ಬೆಂಕಿಯನ್ನು ಮನೆಯೊಳಗಿರಿಸಿಕೊಂಡು ನಿರ್ಭಯವಾಗಿ ಬಾಳಲು ಗೃಹಸ್ಥನು ಕಂಡುಕೊಂಡಿದ್ದ ಉಪಾಯವಾಗಿತ್ತು.

ಅನಂತರ ಎಣ್ಣೆದೀಪದ ಎಡೆಗೆ ವಿದ್ಯುದ್ದೀಪವು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದಲೇ ಬೆಳಗಿದವು. 1915ರಲ್ಲಿ ಖೋಪೋಲಿಯ ಜಲವಿದ್ಯುತ್ತು ಮುಂಬಯಿಯನ್ನು ಸೇರಿತು. ಮಹಾರಾಷ್ಟ್ರ ರಾಜ್ಯ ವಿದ್ಯುಚ್ಛಕ್ತಿ ಮಂಡಳಿಯು 1960ರಲ್ಲಿ ಸ್ಥಾಪಿತವಾದುದು ಆ ಪ್ರಾಂತದ ಗ್ರಾಮಗಳಿಗೆ ತಂತಿಗಳು ಹರಡಲು ಅನುಕೂಲವಾಯಿತು. ಗಾಳಿಗೆ ಅಂಜದ ಹೊಸ ದೀಪಕ್ಕೆ ಗೂಡಿನ ಹಂಗಿಲ್ಲವಾದುದರಿಂದ ಅದು ಗೋಡೆಯಿಂದ ಹೊರಕ್ಕೆ ಬಂದು, ಬ್ರಾಕೆಟ್ಟಿನ ತುದಿಯಲ್ಲಿ ನಿಂತಿತು.

ಆದರೆ ಹೊರಕ್ಕೆ ಬಂದ ದೀಪಕ್ಕೆ ಹಿಡಿತ ಬೇಕಾಯಿತು. ಅಂದಿನ ಕುಶಲಕರ್ಮಿಯು ಗೋಡೆಯನ್ನು ಕೊರೆದು ಮರದ ಬೆಣೆ ಹೊಡೆದು, ಅದರ ಮೇಲೆ ರೌಂಡ್ ಬ್ಲಾಕ್ ಎಂಬ ಗುಂಡನೆಯ ಮರದ ತುಂಡನ್ನು ತಿರುಪಿನಿಂದ ಬಿಗಿದು, ಕೇಸಿಂಗ್-ಕ್ಯಾಪಿಂಗಿನ ಮರದ ಕಾಲುವೆಯಲ್ಲಿಯೋ ಬ್ಯಾಟನ್ ಎಂಬ ಮರದ ಪಟ್ಟಿಯ ಮೇಲೆಯೋ ಬಂದ ತಂತಿಗಳನ್ನು ಆ ಬ್ಲಾಕಿನ ರಂಧ್ರಗಳ ಮೂಲಕ ಹೊರಕ್ಕೆಳೆದು ಹೋಲ್ಡರಿಗೆ ಜೋಡಿಸುತ್ತಿದ್ದನು. ಬಡಗಿಯ ಕೈಚಳಕವೂ ವಿದ್ಯುತ್ತಿನ ಶಾಸ್ತ್ರವೂ ಅಲ್ಲಿ ಕೈಹಿಡಿದು ನಡೆದವು. ಮಳೆಗಾಲದ ತೇವವನ್ನು ಹೀರುವುದು, ಗೆದ್ದಲಿಗೆ ಆಹಾರವಾಗುವುದು, ಸಡಿಲಗೊಂಡ ಜೋಡಣೆ ಕಾದು ಕಿಡಿ ಹಾರಿದಾಗ ತಾನೇ ಹೊತ್ತಿಕೊಳ್ಳುವುದು, ಇವು ಮರದ ದೋಷಗಳು.

ಕಾಂಕ್ರೀಟೂ ತಂತಿ ಸಾಗುವ ಕೊಳವೆಗಳೂ ರೂಢಿಗೆ ಬಂದ ಮೇಲೆ ತಂತಿಯು ಗಾರೆಯೊಳಗೆ ಅಡಗಿತು. ಅದರ ತುದಿಯಲ್ಲಿ ಕಬ್ಬಿಣದ, ಅನಂತರ ಪ್ಲಾಸ್ಟಿಕ್ಕಿನ ಬಾಕ್ಸು ಬಂದಿತು. ಅದರ ಕಾರ್ಯವು ಮೂರು ತೆರ: ತಂತಿಗಳ ಜೋಡಣೆಯನ್ನು ಆವರಿಸಿ ಕಿಡಿಯನ್ನು ಒಳಗೇ ತಡೆಯುವುದು, ಯೋಗ್ಯವಾಗಿ ಬಲಪಡಿಸಿದ್ದರೆ ದೀಪದ ಭಾರವನ್ನು ಹೊರುವುದು, ದುರಸ್ತಿಗೆ ಬಂದವನಿಗೆ ಗೋಡೆ ಒಡೆಯದೆ ದಾರಿ ಕೊಡುವುದು. ಲೋಹದ್ದಾದರೆ ಅದಕ್ಕೆ ಅರ್ಥಿಂಗ್ ಬೇಕು. ಬಾಕ್ಸಿನ ಬಾಯಿ ಗಾರೆಯ ಮಟ್ಟಕ್ಕೆ ಸರಿಯಾಗಿರಬೇಕೆಂಬುದೂ ಮುಖ್ಯವಾದ ನಿಯಮ. ತುಸು ಒಳಗಿಳಿದರೆ ತಿರುಪು ನಿಲುಕದು, ಹೊರಬಂದರೆ ದೀಪದ ತಟ್ಟೆ ಗೋಡೆಗೆ ಕೂರದು. ಈ ಕಾರಣದಿಂದ ಗಾರೆಯವನೂ ವೈರ್‌ಮನ್ನನೂ ಒಬ್ಬರೊಬ್ಬರ ಕೆಲಸವನ್ನು ಅರಿಯದೆ ಈ ಚಿಕ್ಕ ಕಾರ್ಯವು ಚೆನ್ನಾಗಿ ನೆರವೇರುವುದಿಲ್ಲ.

ಗೋಡೆಯ ಗೂಡು ಹೀಗೆ ಮರಳಿ ಬಂದಿತೆನ್ನಬಹುದು, ಆದರೆ ತಲೆಕೆಳಗಾಗಿ. ಹಳೆಯ ಗೂಡು ಕಣ್ಣಿಗೆ ಕಾಣುವ ಬೆಂಕಿಯನ್ನು ಕಾಯುತ್ತಿತ್ತು, ಆದುದರಿಂದ ಮನೆಯವರೆಲ್ಲರೂ ಅದನ್ನು ದಿನನಿತ್ಯ ಪರೀಕ್ಷಿಸುತ್ತಿದ್ದರು. ಹೊಸದು ಕಾಣದ ಬೆಂಕಿಯನ್ನು ಕಾಯುತ್ತದೆ, ಆದುದರಿಂದ ಅದನ್ನು ಇಟ್ಟವನ ನಿಷ್ಠೆಯ ಮೇಲೆಯೇ ಮನೆಯವರು ನಂಬಿಕೆಯಿಡಬೇಕು. ನೋಡುವವರಿಲ್ಲದ ಎಡೆಯಲ್ಲಿ ಮಾಡುವ ಕೆಲಸವು ನೋಡುವೆಡೆಯದಕ್ಕಿಂತ ಅಚ್ಚುಕಟ್ಟಾಗಿರಬೇಕೆಂಬುದೇ ಈ ಕಸುಬಿನ ಧರ್ಮ.